ಬೆಲ್ಟು ಬಗ್ಗಿಸಿ ನೋಡಿ

ಎರಡು ಬೆಲ್ಟು ತಂದಿದ್ದೇನೆ, ಎತ್ತರದಲ್ಲಿ ಕೆಲಸ ಮಾಡುವಾಗ ಬಿದ್ದರೆ ಹಿಡಿಯಲಿ ಅಂತ ಇಡೀ ಮೈಗೆ ಹಾಕಿಕೊಳ್ಳುವಂಥವು, ಹಾರ್ನೆಸ್ಸು ಅನ್ನುವುದೂ ಇದನ್ನೇ. ಒಂದು ಕಿತ್ತಳೆ ಬಣ್ಣದ್ದು, ಯಾರು ನೋಡಿದರೂ ಹೊಸದು ಅನ್ನುತ್ತಾರೆ. ಇನ್ನೊಂದು ನೀಲಿ, ಕೆಮ್ಮಣ್ಣಿನ ಕಲೆ ಹತ್ತಿದ್ದು, ಮುಟ್ಟಿದ ಮೇಲೆ ಕೈ ತೊಳೆಯಬೇಕು ಅನ್ನಿಸುವಂಥದ್ದು. ಮುಂದಿನ ಸಾಲಿನಿಂದ ಶುರು ಮಾಡಿ ಇವೆರಡನ್ನೂ ಹಿಂದಿನ ತನಕ ದಾಟಿಸುತ್ತಾ ಹೋಗಿ. ನಾನು ಮಾತಾಡುತ್ತಿರುವಾಗಲೇ ಎಳೆಯಿರಿ, ತಿರುವಿ, ಬೇಕಾದರೆ ಹಾಕಿಕೊಂಡೂ ನೋಡಿ. ಇವೆರಡರಲ್ಲಿ ಒಂದನ್ನು ನಾನು ಯಾರ ಮೈಮೇಲೂ ಹಾಕಲು ಬಿಡುವುದಿಲ್ಲ. ಯಾವುದು, ಯಾಕೆ ಅಂತ ಕೊನೆಗೆ ಕೇಳುತ್ತೇನೆ.

ನಾನು ಘಟ್ಟದ ಕೆಳಗಿನವನು, ಅಂಕೋಲೆಯವನು. ಕಾರವಾರದ ಆಸುಪಾಸಿನ ಸೈಟುಗಳಲ್ಲಿ ಬಹಳ ವರ್ಷ ರಿಗ್ಗರ್ ಆಗಿದ್ದೆ, ಅಂದರೆ ಭಾರದ ಸಾಮಾನಿಗೆ ಹಗ್ಗ ಸರಪಳಿ ಕಟ್ಟಿ ಎತ್ತಿಸುವವನು. ಮೊಣಕಾಲು ಕೈಕೊಟ್ಟ ಮೇಲೆ ಸ್ಟೋರಿಗೆ ಹಾಕಿದರು, ಅಲ್ಲಿ ಹಾರ್ನೆಸ್ಸು, ಹಗ್ಗ, ಹುಕ್ಕು ಇವನ್ನು ಕೊಡುವುದು, ವಾಪಸ್ ತಗೊಳ್ಳುವುದು, ನೋಡುವುದು. ಇವತ್ತು ಬೆಳಿಗ್ಗೆ ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಒಂದೇ ಯೋಚನೆ, ಶಿರಸಿಯವರಿಗೆ ಎತ್ತರದ ಬಗ್ಗೆ ನಾನೇನು ಹೇಳುವುದು ಅಂತ. ಐವತ್ತು ಅರವತ್ತು ಅಡಿ ಮೇಲೆ ಅಡಿಕೆ ಮರ ತೂಗಿಸಿ ಪಕ್ಕದ ಮರಕ್ಕೆ ದಾಟಿ ಕೊನೆ ಕೊಯ್ಯುವ ಕೊನೆಗೌಡರು ಇಲ್ಲೇ ಮುಂದೆ ಕೂತಿದ್ದಾರೆ. ಹಾಗಾಗಿ ಹತ್ತುವುದು ಹೇಗೆ ಅಂತ ನಾನು ಹೇಳುವುದಿಲ್ಲ, ಹೇಳಿದರೆ ನಗುತ್ತೀರಿ. ಮೈಮೇಲೆ ಹಾಕಿಕೊಳ್ಳುವ ಸಾಮಾನಿನ ಬಗ್ಗೆ ಮಾತ್ರ ಮಾತಾಡುತ್ತೇನೆ. ಇಲ್ಲಿ ಪೇಂಟ್ ಮಾಡುವವರಿದ್ದಾರೆ, ಶೀಟು ಹಾಕುವವರಿದ್ದಾರೆ, ಸೋಲಾರ್ ಕೂರಿಸುವವರಿದ್ದಾರೆ, ತೋಟದ ಯಜಮಾನರೂ ಇದ್ದಾರೆ. ಬೆಲ್ಟು ಎಲ್ಲರಿಗೂ ಒಂದೇ.

ಮೊದಲು ನನ್ನದೇ ಮಾನ ಕಳೆಯುವ ಕಥೆ ಹೇಳಿಬಿಡುತ್ತೇನೆ. ಸ್ಟೋರಿಗೆ ಬಂದ ಹೊಸತರಲ್ಲಿ ಒಂದು ಸೈಟಿನಲ್ಲಿ ನಲವತ್ತು ಹಾರ್ನೆಸ್ಸು ನನ್ನ ಸುಪರ್ದಿಯಲ್ಲಿತ್ತು. ಪ್ರತಿ ಸೋಮವಾರ ರಿಜಿಸ್ಟರ್ ತುಂಬಬೇಕು. ನಂಬರು, ತಾರೀಕು, ಸ್ಥಿತಿ, ಸಹಿ. ನಾನು ಬೆಳಿಗ್ಗೆ ಚಾ ಕುಡಿಯುತ್ತಾ ನಲವತ್ತಕ್ಕೂ 'ಸರಿ ಇದೆ' ಅಂತ ಬರೆದು ಸಹಿ ಹಾಕುತ್ತಿದ್ದೆ. ಒಂದೇ ಪೆನ್ನು, ಒಂದೇ ಓರೆ, ಮೇಲಿಂದ ಕೆಳಗೆ ಒಂದೇ ಉಸಿರು. ಒಂದು ದಿನ ಹೊರಗಿನಿಂದ ತಪಾಸಣೆಗೆ ಬಂದವರು ಹದಿನೇಳನೇ ನಂಬರಿನದ್ದು ತನ್ನಿ ಅಂದರು. ಹುಡುಕಿದೆ, ಇಲ್ಲ. ಅದು ಹಿಂದಿನ ತಿಂಗಳೇ ಹೋಗಿತ್ತು ಮಾರಾಯ್ರೆ. ಯಾರೋ ಅದರಿಂದ ನೀರೆತ್ತುವ ಪಂಪು ಬಿಗಿದು ಗುಂಡಿಯೊಳಗೆ ಇಳಿಬಿಟ್ಟಿದ್ದರು, ಅದು ಕೆಸರಿನಲ್ಲಿ ಕೊಳೆಯುತ್ತಿತ್ತು. ನನ್ನ ರಿಜಿಸ್ಟರಿನಲ್ಲಿ ಮಾತ್ರ ನಾಲ್ಕು ಸೋಮವಾರವೂ ಸರಿ ಇತ್ತು. ಅವರು ನನ್ನನ್ನು ಬೈಯಲಿಲ್ಲ. ರಿಜಿಸ್ಟರ್ ಮುಚ್ಚಿ, ಉಳಿದ ಮೂವತ್ತೊಂಬತ್ತನ್ನು ನೆಲಕ್ಕೆ ಹಾಕಿಸಿ, ಒಂದೊಂದನ್ನೂ ನನ್ನ ಕೈಯಲ್ಲೇ ಬಗ್ಗಿಸಿ ನೋಡಿಸಿದರು. ಸಂಜೆಯಾಯಿತು. ಹನ್ನೊಂದು ಕೆಲಸಕ್ಕೆ ಬಾರದ್ದು ಸಿಕ್ಕಿತು. ಹನ್ನೊಂದು ಜನ ಅವನ್ನು ಹಾಕಿಕೊಂಡು ದಿನಾ ಮೇಲೆ ಹೋಗುತ್ತಿದ್ದರು, ನನ್ನ ಸಹಿಯ ಮೇಲೆ.

ಎಷ್ಟು ದಿನಕ್ಕೊಮ್ಮೆ ನೋಡಬೇಕು ಅಂತ ಕೇಳುತ್ತೀರಿ. ಹಾಕಿಕೊಳ್ಳುವವನು ಪ್ರತಿ ಸಲ ಹಾಕಿಕೊಳ್ಳುವ ಮೊದಲು ನೋಡಬೇಕು, ಅದು ಎರಡು ಮೂರು ನಿಮಿಷದ ಕೆಲಸ. ಅದರ ಮೇಲೆ, ವಿಷಯ ತಿಳಿದ ಇನ್ನೊಬ್ಬರು ಕೂತು ನಿಧಾನವಾಗಿ ನೋಡಿ ಬರೆದಿಡಬೇಕು. ಯುರೋಪಿನ ಇಎನ್ 365 ಅನ್ನುವ ನಿಯಮ ಹನ್ನೆರಡು ತಿಂಗಳಿಗೆ ಒಮ್ಮೆಯಾದರೂ ಅನ್ನುತ್ತದೆ. ಅದು ಕಡಿಮೆ ಪಕ್ಷ. ನಮ್ಮಲ್ಲಿ ಕೆಳಗೆ ಉಪ್ಪು ಗಾಳಿ, ಮೇಲೆ ನಾಲ್ಕು ತಿಂಗಳು ಬಿಡದ ಮಳೆ. ನನ್ನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ, ಜೊತೆಗೆ ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಮಾರಿಕಾಂಬೆ ಜಾತ್ರೆಯ ಹಾಗೆ ಎರಡು ವರ್ಷಕ್ಕೊಮ್ಮೆ ಆದರೆ ಆಗುವುದಿಲ್ಲ. ಕಾನೂನು ಬೇಕು ಅನ್ನುವವರಿಗೆ, 1948ರ ಕಾರ್ಖಾನೆ ಕಾಯ್ದೆಯ 32ನೇ ಸೆಕ್ಷನ್ನಿನಲ್ಲೇ ಬೀಳುವ ಸಂಭವವಿರುವ ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೇಲಿಯೋ ಬೇರೆ ವ್ಯವಸ್ಥೆಯೋ ಮಾಡಬೇಕು ಅಂತಿತ್ತು, ಕಟ್ಟಡ ಕೆಲಸಗಾರರಿಗೆ 1996ರ ಕಾಯ್ದೆ ಬೇರೆ ಇತ್ತು, 2025ರ ನವೆಂಬರಿನಲ್ಲಿ ಎರಡರ ಜಾಗಕ್ಕೂ ಹೊಸ ಕಾರ್ಮಿಕ ಸಂಹಿತೆ ಬಂತು. ಕಾನೂನಿನ ಮಾತು ಇಷ್ಟೇ ಸಾಕು.

ಒಂದು ಸಣ್ಣ ಹರಕು ಇದ್ದರೆ ಏನಾಗುತ್ತದೆ, ಇಷ್ಟು ಅಗಲ ಪಟ್ಟಿ ಇದೆಯಲ್ಲ ಅಂತ ಹಲವರು ವಾದ ಮಾಡುತ್ತಾರೆ. ಸರಿ, ಬೀಳುವ ಲೆಕ್ಕ ಹಾಕೋಣ. ಬೆಲ್ಟಿನ ಬೆನ್ನಿಗೆ ಎರಡು ಮೀಟರ್ ಉದ್ದದ ಹಗ್ಗ, ಅದರ ತುದಿಯ ಹುಕ್ಕನ್ನು ಬೆನ್ನಿನ ಮಟ್ಟದ ಆಧಾರಕ್ಕೆ ಹಾಕಿದ್ದೀರಿ. ಕಾಲು ಜಾರಿದರೆ ಎರಡು ಮೀಟರ್ ಬೀಳಲು ಅರ್ಧ ಸೆಕೆಂಡಿಗಿಂತ ತುಸು ಜಾಸ್ತಿ ಹಿಡಿಯುತ್ತದೆ, 'ಅಯ್ಯೋ' ಅನ್ನುವಷ್ಟು. ಅಷ್ಟರಲ್ಲಿ ವೇಗ ಗಂಟೆಗೆ 22 ಕಿಲೋಮೀಟರ್ ದಾಟಿರುತ್ತದೆ. ಅದೇ ಹುಕ್ಕನ್ನು ಕಾಲಿನ ಹತ್ತಿರ ಹಾಕಿದ್ದರೆ ಇನ್ನೂ ಹೆಚ್ಚು ಬೀಳುತ್ತೀರಿ, ನಾಲ್ಕು ಮೀಟರ್ ಬಿದ್ದರೆ ವೇಗ 32ರ ಹತ್ತಿರ. ಸ್ಕೂಟರ್ ಆ ವೇಗದಲ್ಲಿ ಗೋಡೆಗೆ ಗುದ್ದಿದರೆ ಹೇಗಿರುತ್ತದೆ ಹೇಳಿ. ಆ ಪೆಟ್ಟನ್ನು ಪೂರ್ತಿ ಈ ಪಟ್ಟಿ, ಈ ಹೊಲಿಗೆ, ಈ ರಿಂಗು, ಈ ಹುಕ್ಕು ಸಾಲಾಗಿ ತಡೆಯಬೇಕು. ಸಾಲಿನಲ್ಲಿ ಯಾವುದು ಬಡವೋ ಅದು ಹೋಗುತ್ತದೆ. ಸುಮ್ನೆ ನಿಂತು ಕೈಯಲ್ಲಿ ಎಳೆದು, ಗಟ್ಟಿ ಇದೆ ಅಂದರೆ ಅದು ಪರೀಕ್ಷೆ ಆಗಲಿಲ್ಲ.

ಹಾಗಾದರೆ ನೋಡುವುದು ಹೇಗೆ? ಕಾರವಾರಕ್ಕೆ ಬಂದರೆ ಬೈತಖೋಲ ಬಂದರಿಗೆ ಒಮ್ಮೆ ಹೋಗಿ, ಬಲೆ ಸರಿಮಾಡುವವರ ಹತ್ತಿರ ಹತ್ತು ನಿಮಿಷ ನಿಲ್ಲಿ. ಅವರು ಬಲೆಯನ್ನು ನೋಡುವುದೇ ಇಲ್ಲ. ಪಕ್ಕದವನ ಜೊತೆ ಮೀನಿನ ರೇಟು ಮಾತಾಡುತ್ತಿರುತ್ತಾರೆ, ಬಲೆ ಬೆರಳುಗಳ ನಡುವೆ ಹರಿದು ಹೋಗುತ್ತಿರುತ್ತದೆ. ಒಂದು ಕಣ್ಣು ಹರಿದಿದ್ದರೆ ಬೆರಳು ಅಲ್ಲೇ ನಿಲ್ಲುತ್ತದೆ. ಬೆಲ್ಟಿಗೂ ಅದೇ ಬೆರಳು ಬೇಕು. ನಾವು ಕಣ್ಣನ್ನೂ ಸೇರಿಸಿಕೊಳ್ಳೋಣ, ನಮಗೆ ಅಷ್ಟು ಅಭ್ಯಾಸ ಇಲ್ಲವಲ್ಲ.

ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿಯಿರಿ, ಕೈಗಳ ನಡುವೆ ಒಂದು ಗೇಣಿನಷ್ಟು ಜಾಗ ಇರಲಿ. ಈಗ ಪಟ್ಟಿಯನ್ನು ಮೇಲಕ್ಕೆ ಉಬ್ಬಿಸಿ, ಬಿಲ್ಲಿನ ಹಾಗೆ ಬಗ್ಗಿಸಿ. ಬಗ್ಗಿಸಿದಾಗ ಮೇಲ್ಮೈ ಹಿಗ್ಗುತ್ತದೆ. ಸುಮ್ಮನೆ ಹಾಸಿಟ್ಟಾಗ ಕಾಣದ ಕತ್ತರಿಕೆ ಆಗ ಬಾಯಿ ತೆರೆಯುತ್ತದೆ, ಕಡಿದ ನೂಲಿನ ತುದಿ ಎದ್ದು ನಿಲ್ಲುತ್ತದೆ. ಹೀಗೆ ಗೇಣು ಗೇಣಾಗಿ ಇಡೀ ಬೆಲ್ಟು, ಒಂದು ಮಗ್ಗುಲಾದ ಮೇಲೆ ಇನ್ನೊಂದು ಮಗ್ಗುಲು. ಬೆಳಕಿನಲ್ಲಿ ಕೂತು ಮಾಡಿ, ಸ್ಟೋರಿನ ನಲವತ್ತು ವಾಟಿನ ಬಲ್ಬಿನ ಕೆಳಗೆ ಬೇಡ, ಜಗಲಿಗೆ ಬನ್ನಿ. ಅಂಚನ್ನು ಜಾಸ್ತಿ ನೋಡಿ. ಕತ್ತಿ ತಾಗಿದರೂ, ಶೀಟಿನ ತುದಿ ಉಜ್ಜಿದರೂ ಮೊದಲು ಹೋಗುವುದು ಅಂಚು.

ಬೆರಳಿಗೆ ಒರಟಾಗಿ, ಗಡುಸಾಗಿ ಸಿಕ್ಕ ಜಾಗದಲ್ಲಿ ನಿಲ್ಲಿ. ಈ ಪಟ್ಟಿ ನೈಲಾನೋ ಪಾಲಿಯೆಸ್ಟರೋ ಆಗಿರುತ್ತದೆ, ಎರಡೂ ಬಿಸಿಗೆ ಕರಗುವ ಜಾತಿ. ವೆಲ್ಡಿಂಗಿನ ಕಿಡಿ ಬಿದ್ದರೆ ಸಾಸಿವೆ ಕಾಳಿನಷ್ಟು ಹೊಳೆಯುವ ಗಂಟು ಆಗುತ್ತದೆ. ಮೇಲೆ ಸಾಸಿವೆ, ಒಳಗೆ ಎಷ್ಟು ಎಳೆ ಸುಟ್ಟಿದೆ ಅಂತ ಕಾಣುವುದಿಲ್ಲ. ಬಿಸಿಲಿಗೆ ಬಣ್ಣ ಬಿಳಚಿಕೊಂಡು, ಉಜ್ಜಿದರೆ ಪುಡಿ ಬರುವ ಹಾಗಾಗಿದ್ದರೆ ಅದರ ಆಯುಷ್ಯ ಮುಗಿದಿದೆ. ಪ್ಲಾಸ್ಟಿಕ್ ಕೊಡ ಅಂಗಳದ ಬಿಸಿಲಲ್ಲಿ ಎರಡು ಬೇಸಿಗೆ ಬಿದ್ದರೆ ಹೇಗೆ ಪುಡಿಯಾಗುತ್ತದೆ, ಅದೇ ಜಾತಿಯ ರೋಗ.

ಈಗ ನಿಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತೆ ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ಅಂತ ಹೇಗೆ ನೋಡುತ್ತೀರಿ? ಕತ್ತಿಯನ್ನು ಅದ್ದುತ್ತೀರಿ, ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು ಅನ್ನುತ್ತೀರಿ. ಹತ್ತುವ ಕೆಂಪು ಯಾವುದು? ತಾಮ್ರ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಕೂತಿದೆ ಅಂತ ಅರ್ಥ. ಆ ದ್ರಾವಣ ನಿಮ್ಮ ಬಕಲ್ಲಿಗೂ ಹುಕ್ಕಿನ ಸ್ಪ್ರಿಂಗಿಗೂ ಅದನ್ನೇ ಮಾಡುತ್ತದೆ, ಕತ್ತಿ ಮಾತ್ರ ಅಂತ ಗುರುತು ಹಿಡಿದು ಬಿಡುವುದಿಲ್ಲ. ಪಟ್ಟಿಯ ವಿಷಯದಲ್ಲಿ ಒಂದು ತಮಾಷೆ ಇದೆ. ನೈಲಾನಿಗೆ ಹುಳಿ ಆಗದು, ಅಂದರೆ ಆಸಿಡ್ ಜಾತಿ. ಪಾಲಿಯೆಸ್ಟರಿಗೆ ಕ್ಷಾರ ಆಗದು, ಅಂದರೆ ಸುಣ್ಣ, ಸಿಮೆಂಟಿನ ಜಾತಿ. ಬೋರ್ಡೋದಲ್ಲಿ ಇಬ್ಬರೂ ಇದ್ದಾರೆ. ಒಮ್ಮೆ ಹನಿ ಬಿದ್ದ ಕೂಡಲೇ ಬೆಲ್ಟು ಕೆಟ್ಟಿತು ಅಂತ ನಾನು ಹೆದರಿಸುವುದಿಲ್ಲ, ಅದು ತೆಳು ದ್ರಾವಣ. ಆದರೆ ತೊಳೆಯದೆ ಬಿಟ್ಟರೆ ಅದು ಒಣಗಿ ಹರಳಾಗಿ ನೂಲಿನ ನಡುವೆ ಕೂರುತ್ತದೆ. ಆಮೇಲೆ ಬೆಲ್ಟು ಬಗ್ಗಿದಾಗಲೆಲ್ಲ ಒಳಗೆ ಮರಳು ಕಾಗದ ಉಜ್ಜಿದ ಹಾಗೆ. ಮೇಲೆ ನೀಲಿ ಕಲೆ ಅಷ್ಟೇ, ಒಳಗೆ ಎಳೆ ಸವೆಯುತ್ತಾ ಇರುತ್ತದೆ. ಔಷಧಿ ಹೊಡೆದ ದಿನ ಸಂಜೆಯೇ ತಣ್ಣೀರಲ್ಲಿ ತೊಳೆಯಿರಿ, ಬೇಕಾದರೆ ಮೈ ಸೋಪು ಸಾಕು. ಬ್ಲೀಚಿಂಗ್ ಹಾಕಬೇಡಿ. ನೆರಳಲ್ಲಿ ಒಣಗಿಸಿ, ಒಲೆಯ ಮೇಲೆ ಹರಗಬೇಡಿ.

ಹೊಲಿಗೆಗೆ ಬರೋಣ. ಒಳ್ಳೆಯ ಹಾರ್ನೆಸ್ಸಿನಲ್ಲಿ ಹೊಲಿಗೆಯ ದಾರ ಪಟ್ಟಿಗಿಂತ ಬೇರೆ ಬಣ್ಣದ್ದಿರುತ್ತದೆ. ಅದು ಚಂದಕ್ಕೆ ಅಂತ ನಾನು ಬಹಳ ದಿನ ತಿಳಿದಿದ್ದೆ. ಒಂದು ಎಳೆ ಹೋದರೂ ಕಣ್ಣಿಗೆ ಬೀಳಲಿ ಅಂತ ಹಾಗೆ ಮಾಡುತ್ತಾರೆ. ಕಿತ್ತ ಹೊಲಿಗೆ, ಸಡಿಲ ಹೊಲಿಗೆ, ಸುಟ್ಟ ಹೊಲಿಗೆ ಯಾವುದಿದ್ದರೂ ಬದಿಗಿಡಿ. ಮನೆಯಲ್ಲಿ ಟೇಲರ್ ಇದ್ದಾರೆ, ಒಂದು ಸಾಲು ಹಾಕಿಸುತ್ತೇನೆ ಅನ್ನಬೇಡಿ. ಕೆಲವು ಕಂಪನಿಯವರು ಪಟ್ಟಿಯನ್ನು ಒಂದು ಕಡೆ ಮಡಚಿ ತೆಳುವಾಗಿ ಹೊಲಿದಿರುತ್ತಾರೆ, ಜೋರು ಎಳೆತ ಬಿದ್ದರೆ ಆ ಮಡಿಕೆ ಬಿಚ್ಚಿ ಒಳಗಿನ ಬಣ್ಣದ ಚೀಟಿ ಹೊರಗೆ ಬರುತ್ತದೆ. ಈ ಬೆಲ್ಟು ಒಮ್ಮೆ ಯಾರನ್ನೋ ಹಿಡಿದಿದೆ ಅಂತ ಅದು ಹೇಳುವ ರೀತಿ. ಒಮ್ಮೆ ಹಿಡಿದ ಬೆಲ್ಟನ್ನು ಮತ್ತೆ ಹಾಕುವ ಹಾಗಿಲ್ಲ. ನೋಡಲು ಎಷ್ಟೇ ಚೆನ್ನಾಗಿರಲಿ.

ಎಲ್ಲರೂ ಬಿಟ್ಟುಬಿಡುವ ಜಾಗ ಬೆನ್ನಿನ ಪ್ಲಾಸ್ಟಿಕ್ ತುಂಡಿನ ಅಡಿ. ಬೆನ್ನ ಹಿಂದೆ ಡಿ ರಿಂಗ್ ಇದೆಯಲ್ಲ, ಅದನ್ನು ಹಿಡಿದುಕೊಂಡಿರುವ ಕಪ್ಪು ತುಂಡು. ಅದನ್ನು ಸರಿಸಿ, ಕೆಳಗಿನ ಪಟ್ಟಿ ಹೊರಗೆಳೆದು ನೋಡಿ. ಎರಡು ಪಟ್ಟಿ ಅಡ್ಡ ಹಾದುಹೋಗುವುದು ಅಲ್ಲೇ, ಬಿದ್ದಾಗ ಪೂರ್ತಿ ಭಾರ ಬರುವುದೂ ಅಲ್ಲೇ, ಬೆವರು ಮಣ್ಣು ಸಿಮೆಂಟು ಪುಡಿ ಸೇರಿಕೊಳ್ಳುವುದೂ ಅಲ್ಲೇ. ನನ್ನ ಆ ಹನ್ನೊಂದರಲ್ಲಿ ನಾಲ್ಕು ಸಿಕ್ಕಿದ್ದು ಈ ತುಂಡಿನ ಅಡಿಯಲ್ಲಿ. ಒಂದರಲ್ಲಂತೂ ಪಟ್ಟಿ ಕಾಲು ಭಾಗ ಸವೆದು ಹತ್ತಿಯ ಹಾಗೆ ಆಗಿತ್ತು. ಅದನ್ನು ಹಾಕುತ್ತಿದ್ದ ಹುಡುಗನಿಗೆ ತೋರಿಸಿದೆ, ಅವನು ನೋಡಿ ನಕ್ಕ, ಆಮೇಲೆ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ.

ಕಬ್ಬಿಣದ ಭಾಗಗಳು. ಡಿ ರಿಂಗನ್ನು ನೆಲದ ಮೇಲಿಟ್ಟು ನೋಡಿ, ಸಪಾಟಾಗಿ ಕೂರಬೇಕು, ಕುಣಿದರೆ ಸೊಟ್ಟಗಾಗಿದೆ. ಉಗುರು ಓಡಿಸಿ, ಚೂಪು ಅಂಚು, ಬಿರುಕು, ಕುಳಿ ಸಿಗುತ್ತದೆಯೋ ನೋಡಿ. ಮೇಲ್ಮೈಯ ತೆಳು ತುಕ್ಕು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಕುಳಿ ಬಿದ್ದ ತುಕ್ಕು ಹೋಗುವುದಿಲ್ಲ. ಕಾರವಾರದಲ್ಲಿ ನಮಗೆ ಇದೇ ದೊಡ್ಡ ತಲೆನೋವು, ಸಮುದ್ರದ ಗಾಳಿಗೆ ಬಾಗಿಲಿನ ಚಿಲಕವೇ ಉಳಿಯುವುದಿಲ್ಲ, ಇನ್ನು ಸ್ಪ್ರಿಂಗು ಯಾವ ಲೆಕ್ಕ. ಬಂದರಿನ ಹತ್ತಿರ ಕೆಲಸ ಮಾಡಿ ಬಂದ ಹುಕ್ಕನ್ನು ನಾನು ಆವತ್ತೇ ಬಾವಿ ನೀರಲ್ಲಿ ಅದ್ದಿ ತೆಗೆಯುತ್ತಿದ್ದೆ. ಇನ್ನು ಬಕಲ್ಲು. ಪ್ಯಾಂಟಿನ ಬೆಲ್ಟಿನ ಹಾಗೆ ತೂತು ಇರುವ ಜಾತಿಯಲ್ಲಿ, ತೂತಿನ ಸುತ್ತಲಿನ ಲೋಹದ ಬಳೆಗಳು ಎಲ್ಲವೂ ಇವೆಯೋ ಎಣಿಸಿ. ಸಣಕಲು ಹುಡುಗರು ತಮಗೆ ಸಡಿಲವಾಯಿತು ಅಂತ ಮೊಳೆ ಕಾಯಿಸಿ ಹೊಸ ತೂತು ಹಾಕಿಕೊಂಡಿರುತ್ತಾರೆ. ಅಂಥ ಬೆಲ್ಟು ಕಂಡರೆ ಮಾತೇ ಬೇಡ, ತೆಗೆದಿಡಿ. ಹುಡುಗನಿಗೆ ಅವನ ಅಳತೆಯದ್ದು ಕೊಡಿಸಿ, ಅವನದ್ದೇನೂ ತಪ್ಪಿಲ್ಲ.

ಹುಕ್ಕಿನ ಬಾಯಿಯನ್ನು ಹತ್ತು ಸಲ ತೆರೆದು ಬಿಡಿ. ತಾನಾಗಿ, ಟಕ್ ಅಂತ ಪೂರ್ತಿ ಮುಚ್ಚಿಕೊಳ್ಳಬೇಕು. ಒಮ್ಮೆ ನಿಧಾನ ಮಾಡಿದರೂ ಅದು ಕೆಟ್ಟ ಹುಕ್ಕು. ಬೆರಳಿಂದ ದೂಡಿ ಸಹಾಯ ಮಾಡುವ ಅಭ್ಯಾಸ ನಮಗೆಲ್ಲ ಇದೆ, ಅದನ್ನು ಬಿಡಿ, ಮೇಲೆ ನಿಂತಾಗ ನಿಮ್ಮ ಬೆರಳು ಪುರುಸೊತ್ತಾಗಿರುವುದಿಲ್ಲ. ಲಾಕ್ ಒತ್ತದೆ ಬಾಯಿ ತೆರೆಯುತ್ತದೆಯೋ ಅಂತಲೂ ನೋಡಿ, ತೆರೆದರೆ ಲಾಕ್ ಸತ್ತಿದೆ.

ಹಗ್ಗದ ನಡುವೆ ಒಂದು ಸಣ್ಣ ಪೊಟ್ಟಣ ಇರುತ್ತದೆ, ಶಾಕ್ ಅಬ್ಸಾರ್ಬರ್. ಅದರ ಒಳಗೆ ಮಡಚಿ ಹೊಲಿದ ಪಟ್ಟಿ. ಬಿದ್ದಾಗ ಆ ಹೊಲಿಗೆ ಒಂದೊಂದೇ ಕಿತ್ತುಕೊಂಡು ಹೋಗುತ್ತಾ ಪೆಟ್ಟನ್ನು ತಿನ್ನುತ್ತದೆ, ಮೈಗೆ ಬರುವ ಎಳೆತ 6 ಕಿಲೋನ್ಯೂಟನ್ ದಾಟಬಾರದು ಅಂತ ಯುರೋಪಿನ ನಿಯಮ, ಅಂದರೆ ಹೆಚ್ಚುಕಡಿಮೆ 600 ಕಿಲೋ ತೂಕ ಜಗ್ಗಿದ ಹಾಗೆ. ಪೊಟ್ಟಣದ ಹೊದಿಕೆ ಹರಿದಿದೆಯೋ, ಎರಡು ತುದಿಯಲ್ಲಿ ಪಟ್ಟಿ ಹೊರಗೆ ಇಣುಕಿದೆಯೋ ನೋಡಿ. ಒಮ್ಮೆ ನನ್ನ ಹತ್ತಿರ ವಾಪಸ್ ಬಂದ ಒಂದರ ಮೇಲೆ ಕಪ್ಪು ಇನ್ಸುಲೇಶನ್ ಟೇಪು ಅಚ್ಚುಕಟ್ಟಾಗಿ ಸುತ್ತಿತ್ತು. ಬಿಚ್ಚಿದರೆ ಒಳಗೆ ಪೂರ್ತಿ ಬಿಚ್ಚಿಹೋದ ಪಟ್ಟಿ, ಮಗುವಿನ ಬಟ್ಟೆ ಮಡಚಿದ ಹಾಗೆ ಮಡಚಿ ಒಳಗೆ ತುರುಕಿದ್ದರು. ಯಾರೋ ಬಿದ್ದಿದ್ದಾರೆ, ಬದುಕಿದ್ದಾರೆ, ಕಂಟ್ರಾಕ್ಟರಿಗೆ ಗೊತ್ತಾದರೆ ದುಡ್ಡು ಕಡಿಯುತ್ತಾರೆ ಅಂತ ಮುಚ್ಚಿಟ್ಟಿದ್ದಾರೆ. ಇಲ್ಲಿ ಕಂಟ್ರಾಕ್ಟರುಗಳು ಇದ್ದೀರಿ, ನಿಮಗೇ ಹೇಳುತ್ತಿದ್ದೇನೆ. ಬೆಲ್ಟು ಹಾಳಾದರೆ ಕೂಲಿ ಕಡಿಯುವ ಸೈಟಿನಲ್ಲಿ ಯಾರೂ ಬೆಲ್ಟು ಹಾಳಾಗಿದೆ ಅಂತ ಹೇಳುವುದಿಲ್ಲ. ಎಂಥ ರಿಜಿಸ್ಟರ್ ಇಟ್ಟರೂ ಅಷ್ಟೇ.

ಹಗ್ಗದ ವಿಷಯದಲ್ಲಿ ನನ್ನ ಗುರು ಯಾರು ಅಂದರೆ ನಿಮ್ಮ ಕಡೆಯ ಒಬ್ಬ ಹಿರಿಯ ಕೊನೆಗೌಡರು. ನನ್ನ ಅತ್ತಿಗೆಯ ತವರು ಸಿದ್ದಾಪುರ ಕಡೆ, ಸುಗ್ಗಿಯಲ್ಲಿ ಹೋಗಿದ್ದೆ. ಅವರು ಮರ ಹತ್ತುವ ಮೊದಲು ಕೊನೆ ಇಳಿಸುವ ಹಗ್ಗವನ್ನು ಎರಡೂ ಕೈಯಲ್ಲಿ ಉಲ್ಟಾ ತಿರುಚಿ, ಹುರಿ ಬಿಡಿಸಿ, ಒಳಗೆ ಇಣುಕುತ್ತಿದ್ದರು. ನಾನು ಕೇಳಿದೆ, ಗೌಡ್ರೇ ಎಂತ ನೋಡ್ತೀರಿ ಅಂತ. 'ಹೊರಗೆ ಎಲ್ಲ ಹಗ್ಗವೂ ಒಳ್ಳೇದೇ ತಮಾ' ಅಂದರು. ಮೂರು ಎಳೆಯ ಹಗ್ಗವನ್ನು ಹಾಗೆ ಬಿಡಿಸಿದಾಗ ಒಳಗೆ ಪುಡಿ ಕಂಡರೆ, ಒಡೆದ ನಾರು ಕಂಡರೆ, ಹೊರಮೈ ಹೇಗೇ ಇರಲಿ ಅದು ಮುಗಿದ ಹಗ್ಗ. ಆ ದಿನದಿಂದ ಸ್ಟೋರಿನಲ್ಲಿ ನಾನು ಹಗ್ಗವನ್ನು ಅವರ ಹಾಗೆಯೇ ನೋಡಿದ್ದು. ತಂತಿ ಹಗ್ಗಕ್ಕೆ ಮಾತ್ರ ಬರಿಗೈ ಹಾಕಬೇಡಿ, ಬಟ್ಟೆ ಹಿಡಿದು ಓಡಿಸಿ, ತುಂಡಾದ ತಂತಿ ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ.

ಈಗ ಯಾರೋ ಸೊಂಟದ ಬೆಲ್ಟು ಸಾಲದಾ ಅಂತ ಕೇಳಿದರು. ಬೀಳುವುದನ್ನು ತಡೆಯಲು ಸಾಲದು. ಸೊಂಟದಲ್ಲಿ ಮಾತ್ರ ಹಿಡಿದರೆ ಪೂರ್ತಿ ಪೆಟ್ಟು ಹೊಟ್ಟೆಗೆ, ಬೆನ್ನುಮೂಳೆಗೆ, ಇಲ್ಲವೇ ಮೈ ಜಾರಿ ಹೊರಗೇ ಹೋಗುತ್ತದೆ. ಅಮೆರಿಕದಲ್ಲಿ 1998ರ ಜನವರಿ 1ರಿಂದ ಕಟ್ಟಡ ಕೆಲಸದಲ್ಲಿ ಬೀಳುವಿಕೆ ತಡೆಯಲು ಸೊಂಟದ ಬೆಲ್ಟು ಬಳಸುವುದನ್ನೇ ನಿಲ್ಲಿಸಿದರು. ಕಂಬಕ್ಕೋ ಮರಕ್ಕೋ ಒರಗಿ ಕೈ ಬಿಟ್ಟು ಕೆಲಸ ಮಾಡಲು ಅದು ಆಸರೆ, ಅಷ್ಟಕ್ಕೆ ಸರಿ. ಇಡೀ ಮೈಗೆ ಹಾಕುವುದನ್ನೇ ಕೊಳ್ಳಿ. ಕೊನೆಗೌಡರಿಗೆ ಅದು ತೊಡಕು ಅಂತ ನನಗೆ ಗೊತ್ತು, ಮರದಿಂದ ಮರಕ್ಕೆ ದಾಟುವವರಿಗೆ ಪ್ರತಿ ಸಲ ಹುಕ್ಕು ಬಿಚ್ಚಿ ಹಾಕುವುದು ಅಂದರೆ ಅರ್ಧ ದಿನ ಅಲ್ಲೇ ಹೋಯಿತು. ಈ ಹಾರ್ನೆಸ್ಸುಗಳನ್ನು ಮಾಡಿದವರ ತಲೆಯಲ್ಲಿ ಕಬ್ಬಿಣದ ತೊಲೆ ಇತ್ತು, ಅಡಿಕೆ ಮರ ಇರಲಿಲ್ಲ. ಅದಕ್ಕೇ ಈಗ ಕಾರ್ಬನ್ ಫೈಬರ್ ದೋಟಿ ಬಂದಿರುವುದು ನನಗೆ ಖುಷಿ. ನೆಲದ ಮೇಲೆ ನಿಂತು ಕೊಯ್ದರೆ ನನ್ನ ಭಾಷಣವೇ ಬೇಡ. ಕರೆಂಟ್ ತಂತಿ ಹತ್ತಿರ ಇದ್ದಲ್ಲಿ ಮಾತ್ರ ದೋಟಿ ಎತ್ತಬೇಡಿ, ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ.

ಬೆಲ್ಟು ಸರಿ ಇದೆ, ಹುಕ್ಕನ್ನು ಎಲ್ಲಿಗೆ ಹಾಕುತ್ತೀರಿ? ಅದೂ ತಪಾಸಣೆಯೇ. ಒಬ್ಬ ಮನುಷ್ಯನಿಗೆ ಆಧಾರದ ಜಾಗ 22 ಕಿಲೋನ್ಯೂಟನ್ ತಡೆಯಬೇಕು ಅಂತ ಅಮೆರಿಕದ ನಿಯಮ, ಅಂದರೆ ಎರಡು ಟನ್ನಿಗಿಂತ ಜಾಸ್ತಿ. ನೀರಿನ ಪೈಪು, ಕಿಟಕಿ ಸರಳು, ಸೋಲಾರ್ ಸ್ಟ್ಯಾಂಡು ಇವು ಯಾವುವೂ ಆಗುವುದಿಲ್ಲ. ಹಳೆ ಹಂಚಿನ ಮನೆಯ ಪಕಾಸಿಗೆ ಹುಕ್ಕು ಹಾಕಿ ಹಂಚು ಸರಿಸುವವರನ್ನು ನೋಡಿದ್ದೇನೆ, ಬೆರಳಿಂದ ಒತ್ತಿದರೆ ಒಳಗೆಲ್ಲ ಒರಲೆ ತಿಂದಿತ್ತು. ಇನ್ನೊಂದು ಮಾತು, ನಮ್ಮ ಕಡೆಯ ಮನೆಗಳ ಮಾಡಿನ ಅಂಚು ಹತ್ತು ಹನ್ನೆರಡು ಅಡಿ ಎತ್ತರ. ಎರಡು ಮೀಟರ್ ಹಗ್ಗ, ಅಬ್ಸಾರ್ಬರ್ ಬಿಚ್ಚಿಕೊಂಡರೆ ಮತ್ತೆ ಒಂದೂಮುಕ್ಕಾಲು ಮೀಟರ್ ತನಕ, ಬೆನ್ನಿನ ರಿಂಗಿನಿಂದ ಪಾದದವರೆಗೆ ಒಂದೂವರೆ, ಮೇಲೆ ಒಂದು ಮೀಟರ್ ಜೋಪಾನಕ್ಕೆ. ಕೂಡಿಸಿದರೆ ಆರು ಮೀಟರ್ ದಾಟಿತು, ಇಪ್ಪತ್ತು ಅಡಿ. ಹನ್ನೆರಡು ಅಡಿಯಲ್ಲಿ ಆ ಹಗ್ಗ ನಿಮ್ಮನ್ನು ಹಿಡಿದು ನಿಲ್ಲಿಸುವ ಮೊದಲೇ ನೀವು ಅಂಗಳದಲ್ಲಿರುತ್ತೀರಿ. ಅಂಥ ಕಡೆ ಅಂಚಿನ ತನಕ ಹೋಗಲೇ ಆಗದ ಹಾಗೆ ಗಿಡ್ಡ ಹಗ್ಗ ಕಟ್ಟಿ.

ಇಡುವ ಜಾಗ. ಅಟ್ಟ ಬೇಡ. ಹೊಗೆ, ಇಲಿ, ಮೇಲೆ ಹಂಚಿನ ಕಾವು. ಇಲಿ ಕಡಿದ ಬೆಲ್ಟು ಎಷ್ಟು ನೋಡಿದ್ದೇನೋ, ಅದಕ್ಕೆ ಬೆವರಿನ ಉಪ್ಪು ಇಷ್ಟ ಕಾಣುತ್ತದೆ. ಸಿಮೆಂಟ್ ಚೀಲದ ಮೇಲೆ, ಡೀಸೆಲ್ ಕ್ಯಾನಿನ ಜೊತೆ, ಬ್ಯಾಟರಿಯ ಪಕ್ಕ ಇಡಬೇಡಿ. ಗಾಳಿಯಾಡುವ ಕೋಣೆಯಲ್ಲಿ ಗೂಟಕ್ಕೆ ನೇತುಹಾಕಿ. ಹೆಸರು ಬರೆಯಬೇಕಾದರೆ ಲೇಬಲಿನ ಮೇಲೆ ಬರೆಯಿರಿ, ಪಟ್ಟಿಯ ಮೇಲೆ ಮಾರ್ಕರ್ ಓಡಿಸಬೇಡಿ. ಲೇಬಲ್ ಅಂದೆನಲ್ಲ, ಅದರಲ್ಲಿ ನಮ್ಮ ದೇಶದ ಐಎಸ್ 3521 ಅಂತಲೋ ಯುರೋಪಿನ ಇಎನ್ 361 ಅಂತಲೋ ಗುಣಮಟ್ಟದ ನಂಬರು ಇರಬೇಕು, ತಯಾರಾದ ತಿಂಗಳು ವರ್ಷ, ನಂಬರು, ಎಷ್ಟು ಕಿಲೋ ಮನುಷ್ಯನಿಗೆ ಅಂತ ಇರಬೇಕು. ಲೇಬಲ್ ಓದಲು ಬರದ ಬೆಲ್ಟಿಗೆ ವಯಸ್ಸಿಲ್ಲ, ಊರಿಲ್ಲ. ಅದನ್ನು ನಾನು ತೆಗೆದಿಡುತ್ತೇನೆ. ದುಬಾರಿ ಅಂತ ನೀವು ಬೈದುಕೊಳ್ಳಬಹುದು.

ಬೆಲ್ಟುಗಳು ಹಿಂದಿನ ಸಾಲು ಮುಟ್ಟಿ ವಾಪಸ್ ಬಂದವು. ಸರಿ, ಯಾವುದು ಬೇಡ? ನೀಲಿ ಅನ್ನುವವರು ಕೈ ಎತ್ತಿ. ಅಬ್ಬಾ, ಮುಕ್ಕಾಲು ಸಭೆ. ಕಿತ್ತಳೆ ಅನ್ನುವವರು? ಹಿಂದೆ ಒಬ್ಬರು ಅಕ್ಕ. ಯಾಕೆ ಅಕ್ಕ? 'ತೊಡೆಯ ಪಟ್ಟಿ ಒಂದು ಕಡೆ ಕೈಗೆ ಬೇರೆ ಥರ ಸಿಕ್ಕಿತು, ಗಂಜಿ ಹಾಕಿದ ಬಟ್ಟೆ ಹಾಗೆ.' ನೀವು ಹೊಲಿಗೆ ಕೆಲಸದವರಾ? ಅಂದುಕೊಂಡೆ. ನೋಡಿ, ಬಲ ತೊಡೆಯ ಪಟ್ಟಿ, ಒಳ ಮಗ್ಗುಲು, ಅಂಗೈ ಉದ್ದ. ಈಗ ಬಗ್ಗಿಸುತ್ತೇನೆ. ಮುಂದಿನವರಿಗೆ ಕಾಣುತ್ತಿದೆ ಅಲ್ವಾ, ಮೇಲೆ ನವಿರು ಎದ್ದಿತು, ಒತ್ತಿದರೆ ಪುಡಿ. ಇದು ಕೊಂಡು ಎಂಟು ತಿಂಗಳಾಗಿದೆ ಅಷ್ಟೇ. ಪಿಕಪ್ಪಿನ ಹಿಂದೆ ಇನ್ವರ್ಟರ್ ಬ್ಯಾಟರಿಯ ಪಕ್ಕ ಒಂದು ರಾತ್ರಿ ಇತ್ತು. ಪಟ್ಟಿ ನೈಲಾನು, ಬ್ಯಾಟರಿಯಲ್ಲಿರುವುದು ಆಸಿಡ್. ಹೆದರಬೇಡಿ, ಚೆನ್ನಾಗಿ ತೊಳೆದೇ ನಿಮ್ಮ ಕೈಗೆ ಕೊಟ್ಟಿದ್ದು. ನೀಲಿಯದ್ದು ಎರಡು ವರ್ಷದ್ದು, ಮಣ್ಣು ಬಿಟ್ಟರೆ ಏನೂ ಆಗಿಲ್ಲ, ನಾಳೆ ನನ್ನ ತಂಗಿಯ ಮಗ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ.

ಆ ಕತ್ತರಿ ಇತ್ತ ಕೊಡಿ. ಇದನ್ನು ಹಾಗೆಯೇ ಮೂಲೆಗೆ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ನಾವು ಯಾವುದನ್ನೂ ಎಸೆಯುವವರಲ್ಲ. ಮೊದಲು ಬೈಕಿಗೆ ಹುಲ್ಲು ಕಟ್ಟಲು ಹೋಗುತ್ತದೆ, ಆಮೇಲೆ ಕೊಟ್ಟಿಗೆಗೆ, ಆಮೇಲೆ ಒಂದು ದಿನ ಬೆಲ್ಟು ಸಾಲದೆ ಬಂದಾಗ ಯಾರೋ ಅಲ್ಲಿಂದ ತೆಗೆದು ಕೊಡವಿ ಹುಡುಗನ ಕೈಗೆ ಕೊಡುತ್ತಾರೆ. ಅದಕ್ಕೆ ಎರಡು ತೊಡೆ, ಎರಡು ಭುಜ, ಬೆನ್ನು, ಐದೂ ಕಡೆ ಕತ್ತರಿಸುತ್ತೇನೆ. ಏನು ಹೆಗಡೇರೇ? ರಿಂಗು ಬೇಕಾ, ಕರು ಕಟ್ಟಲು? ತಗೊಳ್ಳಿ, ಪಟ್ಟಿ ಪೂರ್ತಿ ಬಿಡಿಸಿ ಬರೀ ರಿಂಗು ಕೊಡುತ್ತೇನೆ. ಹುಕ್ಕು ಕೊಡುವುದಿಲ್ಲ.